ಚಾಯ್‌ಪಾವ್‌ನ ವಿಳಾಸ

ಮುಂಬಯಿಯಲ್ಲಿ ಇಬ್ಬರು ಕನ್ನಡದವರು ಎದುರಾದರೆ ಹೆಸರು ಕೇಳುವ ಮೊದಲೇ ಊರು ಕೇಳುತ್ತೇವೆ. ಲೋಕಲ್ ಟ್ರೇನಿನಲ್ಲಿ ಒಂಟಿಕಾಲಿನಲ್ಲಿ ನಿಂತಿದ್ದರೂ ಸರಿ, ಕಿವಿಗೆ ಎರಡು ಕನ್ನಡ ಶಬ್ದ ಬಿದ್ದರೆ ಸಾಕು, ಕುತ್ತಿಗೆ ತಿರುಗಿಸಿ "ಯಾವೂರಾಯ್ತು?" ಅಂತ ಕೇಳಿಯೇ ಬಿಡುತ್ತೇವೆ. ಕುಂದಾಪುರ ಅಂದರೆ ಕುಂದಾಪುರದಲ್ಲಿ ಎಲ್ಲಿ, ಕೋಟೇಶ್ವರ ಅಂದರೆ ದೇವಸ್ಥಾನದ ಯಾವ ಬದಿ, ಯಾರ ಮನೆ ಹತ್ತಿರ. ಹೀಗೆ ಕೇಳುತ್ತಾ ಕೇಳುತ್ತಾ ದಾದರಿಗೆ ಬರುವಷ್ಟರಲ್ಲಿ ಸಂಬಂಧಿಕರೇ ಆಗಿಬಿಟ್ಟಿರುತ್ತೇವೆ. ಊರಲ್ಲೇ ಇರುವ ನಿಮಗೆ ಇದು ತಮಾಷೆಯಾಗಿ ಕಾಣಬಹುದು. ಪರವೂರಿನಲ್ಲಿ ಇದೇ ನಮ್ಮ ಊಟ ಉಪಚಾರ.

ಈ ಪ್ರಶ್ನೆ ಎಲ್ಲರಿಗೂ ಸಿಹಿಯಾಗಿ ಕೇಳಿಸುವುದಿಲ್ಲ ಅಂತ ತಿಳಿಯಬೇಕಾದರೆ ನಾನು ಒಂದು ಸಿನಿಮಾವನ್ನು ಬಹಳ ವರ್ಷಗಳ ಅಂತರದಲ್ಲಿ ಎರಡು ಸಲ ನೋಡಬೇಕಾಯಿತು. ನಡುವೆ ಒಬ್ಬ ಹುಡುಗನನ್ನು ಕಳೆದುಕೊಳ್ಳಬೇಕಾಯಿತು.

ಸಿನಿಮಾ, ಮೀರಾ ನಾಯರ್ 1988ರಲ್ಲಿ ಮಾಡಿದ 'ಸಲಾಮ್ ಬಾಂಬೆ'. ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ನಿರ್ದೇಶಕರಿಗೆ ಕೊಡುವ ಕ್ಯಾಮೆರಾ ಡೋರ್ ಪಡೆದು, ಆಸ್ಕರ್ ನಾಮಕರಣದವರೆಗೂ ಹೋದ ಚಿತ್ರ. ಚಿತ್ರಕಥೆ ಸೂನಿ ತಾರಾಪೋರ್‌ವಾಲಾ ಅವರದು, ಸಂಗೀತ ಎಲ್. ಸುಬ್ರಮಣ್ಯಂ ಅವರದು. ನಾನಾ ಪಾಟೇಕರ್, ರಘುವೀರ್ ಯಾದವ್ ಮುಂತಾದ ಪಳಗಿದ ನಟರ ನಡುವೆ ಬೀದಿಯ ಮಕ್ಕಳನ್ನೇ ನಿಲ್ಲಿಸಿ ತೆಗೆದದ್ದು. ಕೃಷ್ಣ ಎಂಬ ಮುಖ್ಯ ಪಾತ್ರ ಮಾಡಿದ ಶಫೀಕ್ ಸಯ್ಯದ್ ನಮ್ಮ ಬೆಂಗಳೂರಿನ ಹುಡುಗ. ಗೆಳೆಯರ ಜೊತೆ ಮನೆ ಬಿಟ್ಟು ಮುಂಬಯಿಗೆ ಬಂದು ಚರ್ಚ್‌ಗೇಟ್ ಸ್ಟೇಷನ್ನಿನ ಆಸುಪಾಸಿನಲ್ಲಿ ಮಲಗುತ್ತಿದ್ದವನು. ಚಿತ್ರ ಮುಗಿದ ಮೇಲೆ ಅವನಿಗೆ ಶ್ರೇಷ್ಠ ಬಾಲನಟ ಎಂದು ರಾಷ್ಟ್ರಪ್ರಶಸ್ತಿ ಬಂತು. ಅವನ ವಿಷಯ ಆಮೇಲೆ ಹೇಳುತ್ತೇನೆ.

1990ರ ಸುಮಾರಿಗೆ ನಾವು ನಾಲ್ಕು ಜನ ಬ್ಯಾಂಕಿನ ಗುಮಾಸ್ತರು ಡೊಂಬಿವಿಲಿಯಲ್ಲಿ ಒಂದೇ ಖೋಲಿಯಲ್ಲಿದ್ದೆವು. ಶನಿವಾರ ರಾತ್ರಿ ವಿಸಿಪಿ ಬಾಡಿಗೆಗೆ ತಂದರೆ ಮೂರು ಕ್ಯಾಸೆಟ್ ನೋಡಿಯೇ ವಾಪಸ್ ಕೊಡುವುದು. ಅಮಿತಾಭನ ಎರಡು ಸಿನಿಮಾಗಳ ನಡುವೆ ಇದನ್ನೂ ಹಾಕಿದೆವು. ನಾನು ಅತ್ತೆ, ಒಪ್ಪಿಕೊಳ್ಳುತ್ತೇನೆ. ಎಷ್ಟು ಪಾಪ ಈ ಹುಡುಗ, ಯಾರಾದರೂ ಇವನನ್ನು ಮನೆಗೆ ಮುಟ್ಟಿಸಬಾರದೇ ಅಂತ ಅತ್ತೆ. ಈಗ ಯೋಚಿಸಿದರೆ ಆ ಅಳುವಿನಲ್ಲೇ ತಪ್ಪಿತ್ತು.

ಕತೆ ನೆನಪಿಲ್ಲದವರಿಗೆ ಚೂರು ಹೇಳಬೇಕು. ದೊಡ್ಡವನಾದ ಅಣ್ಣನ ಕಾಟ ತಾಳಲಾರದೆ ಕೃಷ್ಣ ಅವನ ಮೋಟಾರ್‌ಬೈಕಿಗೆ ಬೆಂಕಿ ಇಟ್ಟಿದ್ದಾನೆ. ಸಿಟ್ಟಾದ ತಾಯಿ ಅವನನ್ನು ಸರ್ಕಸ್ಸಿಗೆ ಸೇರಿಸಿ, ಐನೂರು ರೂಪಾಯಿ ದುಡಿದು ತಂದರೆ ಮಾತ್ರ ಮನೆಗೆ ಬಾ ಅಂದಿದ್ದಾಳೆ. ಒಂದು ದಿನ ಏನೋ ತರಲು ಹೋದವನು ಹಿಂದಿರುಗಿ ಬರುವಾಗ ಸರ್ಕಸ್ಸೇ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಿದೆ. ಕೈಯಲ್ಲಿದ್ದ ಚಿಲ್ಲರೆಗೆ ಟಿಕೇಟು ತೆಗೆದು ಮುಂಬಯಿಗೆ ಬರುತ್ತಾನೆ. ಗ್ರಾಂಟ್ ರೋಡ್ ಬದಿಯ ಕೆಂಪುದೀಪದ ಗಲ್ಲಿಗಳಲ್ಲಿ ಚಹಾ ಹಂಚುವ ಕೆಲಸ ಹಿಡಿಯುತ್ತಾನೆ. ಅಲ್ಲಿ ಅವನಿಗೆ ಕೃಷ್ಣ ಎಂಬ ಹೆಸರೂ ಉಳಿಯುವುದಿಲ್ಲ. ಎಲ್ಲರಿಗೂ ಅವನು 'ಚಾಯ್‌ಪಾವ್'.

ಒಂದು ದೃಶ್ಯವಿದೆ. ಕೃಷ್ಣ ತಾಯಿಗೆ ಕಾಗದ ಬರೆಸಲು ಬೀದಿಬದಿಯಲ್ಲಿ ಕೂತು ಕಾಗದ ಬರೆದುಕೊಡುವವನ ಹತ್ತಿರ ಹೋಗುತ್ತಾನೆ. ಮುಂದೆ ಅಷ್ಟು ಹೆಸರು ಮಾಡಿದ ಇರ್ಫಾನ್ ಖಾನ್ ಈ ಚಿಕ್ಕ ಪಾತ್ರದಲ್ಲಿದ್ದಾರೆ. ಹುಡುಗನಿಗೆ ಹೇಳಲು ಬೇಕಾದಷ್ಟಿದೆ, ಪೂರ್ತಿ ವಿಳಾಸ ಮಾತ್ರ ಗೊತ್ತಿಲ್ಲ. ಆ ಕಾಗದ ಮನೆ ಮುಟ್ಟುವುದಿಲ್ಲ. ಮೊದಲ ಸಲ ನೋಡಿದಾಗ ಇದು ನನಗೆ ಬರೀ ಬಡತನದ, ಅನಕ್ಷರತೆಯ ಕತೆಯಾಗಿ ಕಂಡಿತ್ತು. ವಿಳಾಸ ಗೊತ್ತಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂದುಕೊಂಡಿದ್ದೆ.

ಆ ಕಾಲದಲ್ಲಿ ನಾನು ವಾರಕ್ಕೆ ಮೂರು ದಿನ ಕೋಟೆ ಕಡೆಯ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಮುಂಬಯಿ ಕನ್ನಡಿಗರು ಮಾಡಿದ ದೊಡ್ಡ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಸಮ್ಮೇಳನ, ಸಭಾಭವನ ಅನ್ನುವುದಿಲ್ಲ, ರಾತ್ರಿಶಾಲೆ ಅನ್ನುತ್ತೇನೆ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ಟೇಬಲ್ ಒರೆಸಿದ ಹುಡುಗರು ಅಲ್ಲಿ ಕೂತು ಎಸ್ಸೆಸ್ಸೆಲ್ಸಿ ಕಟ್ಟಿ, ಮುಂದೆ ವಕೀಲರು, ಹೋಟೆಲ್ ಮಾಲೀಕರು ಆಗಿದ್ದಾರೆ. ಸಾಂಬಾರಿನ ವಾಸನೆ ಹೊತ್ತು ಬಂದು, ಭಾಗಾಕಾರದ ನಡುವೆ ತೂಕಡಿಸಿ ಬೆಂಚಿಗೆ ಹಣೆ ಕುಟ್ಟಿಕೊಳ್ಳುತ್ತಿದ್ದ ಮಕ್ಕಳು. ಹದಿನಾಲ್ಕರ ಒಳಗಿನವರನ್ನು ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ಆದೇಶ ಜಾರಿಯಾದದ್ದು 2006ರ ಅಕ್ಟೋಬರಿನಲ್ಲಿ. ನಾನು ಹೇಳುತ್ತಿರುವುದು ಅದಕ್ಕೆ ಹದಿನೈದು ವರ್ಷ ಮೊದಲಿನ ಮಾತು.

ಅವನನ್ನು ಇಲ್ಲಿ ಸುರೇಶ ಅಂತ ಕರೆಯುತ್ತೇನೆ. ಅದು ಅವನ ಹೆಸರಲ್ಲ, ಹಾಜರಿ ಪುಸ್ತಕದಲ್ಲಿ ಬರೆಸಿದ್ದೂ ಅವನ ಹೆಸರಾಗಿರಲಿಲ್ಲ. ಹನ್ನೆರಡೋ ಹದಿಮೂರೋ ವಯಸ್ಸು. ಹತ್ತಿರದ ಹೋಟೆಲೊಂದರಲ್ಲಿ ಆಫೀಸುಗಳಿಗೆ ಚಹಾ ಒಯ್ಯುವ 'ಬಾಹರ್‌ವಾಲಾ'. ಲೆಕ್ಕದಲ್ಲಿ ಚುರುಕು. ಆದರೆ ಯಾವಾಗಲೂ ಬಾಗಿಲ ಹತ್ತಿರವೇ ಕೂರುತ್ತಿದ್ದ, ಮುಂದಿನ ಬೆಂಚಿಗೆ ಕರೆದರೆ ಬರುತ್ತಿರಲಿಲ್ಲ. ಒಂದು ಸಲ ನನ್ನ ಕೈಯಿಂದ ಡಸ್ಟರ್ ಜಾರಿ ಟೇಬಲ್ಲಿನ ಮೇಲೆ ಧಡ್ ಅಂತ ಬಿತ್ತು, ಇವನು ಡೆಸ್ಕಿನ ಕೆಳಗಿದ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಊರ್ ಎಲ್ಲಿ ಮಾಣಿ?" ಅಂದರೆ ಒಂದು ದಿನ ಬೈಂದೂರು, ಇನ್ನೊಂದು ದಿನ ಸಿದ್ದಾಪುರ, ಮತ್ತೊಮ್ಮೆ ಘಟ್ಟದ ಮೇಲಿನ ಹೊಸನಗರ. ನನಗೆ ಅದೊಂದು ಆಟವಾಯಿತು. ಮಾತಿನ ಧಾಟಿಯಲ್ಲೇ ಊರು ಹಿಡಿಯುತ್ತೇವೆ ಅನ್ನುವುದು ನಮ್ಮ ಕಡೆಯವರ ಜಂಬ. 'ಬಂದಿತ್', 'ಹೋಯಿತ್' ಅನ್ನುವ ಒಂದೊಂದೇ ಎಳೆ ಹಿಡಿದು ಹೋಬಳಿ ಗೊತ್ತುಮಾಡಿದೆ. ಊರಿನ ಪರಿಚಯದ ಅಂಚೆಯವರಿಗೆ ಒಂದು ಇನ್‌ಲ್ಯಾಂಡ್ ಬರೆದೆ: ಹೀಗ್ಹೀಗೆ ಇರುವ ಹುಡುಗ, ಎಡಹುಬ್ಬಿನ ಮೇಲೆ ಗಾಯದ ಕಲೆ, ಯಾರ ಮನೆಯವನಿರಬಹುದು?

ಕೃಷ್ಣನ ಕಾಗದ ಮುಟ್ಟಲಿಲ್ಲ. ನನ್ನದು ಮುಟ್ಟಿತು.

ಮೂರು ವಾರದ ಮೇಲೆ ಅವನ ಮಾವ ಬಂದರು. ಆಗ ಕೊಂಕಣ ರೈಲು ಇರಲಿಲ್ಲ, ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಬಂದ ಮನುಷ್ಯ. ಬಿಳಿ ಪಂಚೆ, ಮೆದು ಮಾತು. ನನಗೆ ಅಂತ ಹಲಸಿನ ಹಪ್ಪಳದ ಕಟ್ಟು ತಂದಿದ್ದರು. ಹೋಟೆಲಿನ ಗಲ್ಲೆಯ ಪಕ್ಕ ಕೂರಿಸಿದೆವು. ಒಳಗಿನಿಂದ ಸುರೇಶ ಆರು ಗ್ಲಾಸಿನ ಚಹಾದ ಸ್ಟ್ಯಾಂಡ್ ಹಿಡಿದು ಬಂದ. ನೋಡಿದ. ಒಂದು ಹನಿ ಚೆಲ್ಲದ ಹಾಗೆ ಸ್ಟ್ಯಾಂಡನ್ನು ಟೇಬಲ್ಲಿನ ಮೇಲಿಟ್ಟ. ತಿರುಗಿ ಅಡುಗೆಮನೆ ದಾಟಿ ಹಿಂಬಾಗಿಲಿನಿಂದ ಹೋದ. ಓಡಲಿಲ್ಲ, ನಡೆದೇ ಹೋದ. ಮತ್ತೆ ಅವನನ್ನು ಯಾರೂ ನೋಡಲಿಲ್ಲ. ಮಾವ ಎರಡು ದಿನ ಕಾದರು. ಹೊರಡುವಾಗ ಅವರ ಮೆದು ದನಿಯಲ್ಲೇ, "ಸಿಕ್ಕಿರೆ ಕಾಲ್ ಮುರ್ದ್ ಕಳ್ಸಿ ಮಾಷ್ಟ್ರೇ" ಅಂದರು. ಹುಬ್ಬಿನ ಮೇಲಿನ ಕಲೆ ನನಗೆ ಆಗ ನೆನಪಾಯಿತು.

ಇದನ್ನು ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ನಿವೃತ್ತಿಯ ನಂತರ, ಸ್ಟೇಷನ್ನುಗಳಲ್ಲಿ ಸಿಗುವ ಮಕ್ಕಳ ನಡುವೆ ಕೆಲಸ ಮಾಡುವ ಒಂದು ಸಂಸ್ಥೆಯವರ ಮೂರು ದಿನದ ತರಬೇತಿಯಲ್ಲಿ ಕೂತಿದ್ದೆ. ಅಲ್ಲಿ ಪಾಠ ಮಾಡಿದ ಹೆಂಗಸು ಮೊದಲ ದಿನವೇ ಹೇಳಿದರು: "ಏನು ತಪ್ಪು ಮಾಡಿದೆ ಅಂತ ಕೇಳಬೇಡಿ ಅನ್ನುವುದನ್ನು ನೀವೆಲ್ಲ ಓದಿರುತ್ತೀರಿ. ನಿನಗೆ ಏನಾಯಿತು ಅಂತಲೂ ಮೊದಲ ದಿನ ಕೇಳಬೇಡಿ. ಹಸಿವಾಗಿದೆಯಾ, ಎಲ್ಲಾದರೂ ನೋವಿದೆಯಾ, ಇವತ್ತು ರಾತ್ರಿ ಎಲ್ಲಿ ಮಲಗುತ್ತೀಯಾ, ಇಷ್ಟು ಕೇಳಿ. ನಾಳೆ ಬರುತ್ತೇನೆ ಅಂದರೆ ನಾಳೆ ಬನ್ನಿ." ಬಾಗಿಲ ಹತ್ತಿರ ಕೂರುವ ಮಗುವನ್ನು ಬಾಗಿಲ ಹತ್ತಿರವೇ ಬಿಡಿ, ಓಡಿಹೋಗುವ ದಾರಿ ಕಾಣುತ್ತಿದ್ದರೆ ಮಾತ್ರ ಅದು ಉಳಿಯುತ್ತದೆ, ಅಂತಲೂ ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಡಸ್ಟರಿನ ಸದ್ದು ಕೇಳುತ್ತಿದ್ದೆ.

ಟ್ರಾಮಾ ಎಂಬ ಶಬ್ದಕ್ಕೆ ಕನ್ನಡದಲ್ಲಿ 'ಆಘಾತ' ಅಂತ ಬರೆಯುತ್ತಾರೆ. ನನಗೆ 'ಒಳಪೆಟ್ಟು' ಹೆಚ್ಚು ಸರಿ ಅನಿಸುತ್ತದೆ. ಮರದಿಂದ ಬಿದ್ದವನ ಮೈಮೇಲೆ ಗಾಯವಿಲ್ಲದಿದ್ದರೂ ಒಳಪೆಟ್ಟು ಬಿದ್ದಿರಬಹುದು, ಎತ್ತಿ ಓಡಾಡಿಸಬೇಡಿ ಅನ್ನುತ್ತಾರಲ್ಲ, ಅದೇ. ಪದೇ ಪದೇ ಪೆಟ್ಟು ತಿಂದ ಮಗುವಿನ ಮೈ ಸದಾ ಎಚ್ಚರದಲ್ಲಿರುತ್ತದೆ, ಸದ್ದಿಗೆ ಬೆಚ್ಚುತ್ತದೆ, ಸುಳ್ಳು ಹೇಳುತ್ತದೆ, ಓಡುತ್ತದೆ. ಅಂಥ ಮಗುವಿಗೆ ಇವು ದುರ್ಗುಣಗಳಲ್ಲ, ಬದುಕುಳಿಯಲು ಕಲಿತ ವಿದ್ಯೆಗಳು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಚೇತರಿಕೆಗೆ ಮೂರು ಹಂತ ಹೇಳುತ್ತಾರೆ. ಮೊದಲು ಸುರಕ್ಷೆ, ಆಮೇಲೆ ನಡೆದದ್ದನ್ನು ನೆನೆದು ದುಃಖಿಸುವುದು, ಕೊನೆಗೆ ಮತ್ತೆ ಜನರ ಜೊತೆ ಬೆರೆಯುವುದು. ನಾವು 'ಯಾವೂರು' ಅಂತ ಕೇಳುವವರು ಮೂರನೆಯದರಿಂದಲೇ ಶುರುಮಾಡುತ್ತೇವೆ.

ಆ ತರಬೇತಿಯಿಂದ ಬಂದ ವಾರ 'ಸಲಾಮ್ ಬಾಂಬೆ'ಯನ್ನು ಮತ್ತೆ ನೋಡಿದೆ. ಬೇರೆಯೇ ಸಿನಿಮಾ.

ಬೆಂಕಿಯನ್ನು ನೋಡಿ. ಕೃಷ್ಣ ಚಿತ್ರದಲ್ಲಿ ಎರಡು ಸಲ ಬೆಂಕಿ ಇಡುತ್ತಾನೆ. ಒಂದು, ಕತೆ ಶುರುವಾಗುವ ಮೊದಲೇ ಅಣ್ಣನ ಬೈಕಿಗೆ. ಇನ್ನೊಂದು, ವೇಶ್ಯಾಗೃಹಕ್ಕೆ ಮಾರಿ ತಂದಿರುವ 'ಸೋಲಾ ಸಾಲ್' ಎಂಬ ಹುಡುಗಿಯನ್ನು ಬಿಡಿಸಿಕೊಂಡು ಹೋಗಲು ಅವಳ ಕೋಣೆಯಲ್ಲಿ. ಸರ್ಕಾರಿ ಫೈಲಿನಲ್ಲಿ ಇವನು 'ಬೆಂಕಿ ಹಚ್ಚುವ ಚಟವಿರುವ ಬಾಲಕ' ಆಗುತ್ತಾನೆ. ಚಿತ್ರ ಅದನ್ನು ಬಿಡಿಸಿ ಹೇಳುವುದಿಲ್ಲ, ಆದರೆ ನೋಡುವವನಿಗೆ ಕಾಣುತ್ತದೆ: ಎರಡು ಸಲವೂ ದೊಡ್ಡವರ ಬಲಾತ್ಕಾರದ ಎದುರು ಈ ಸಣ್ಣ ಕೈಗೆ ಸಿಕ್ಕ ಆಯುಧ ಅದೊಂದೇ. ಇನ್ನು ಆ ಐನೂರು ರೂಪಾಯಿ. ಮೊದಲ ಸಲ ಅದನ್ನು ನಾನು ಕತೆ ಮುಂದೆ ಹೋಗಲು ಬೇಕಾದ ಒಂದು ನೆಪ ಅಂದುಕೊಂಡಿದ್ದೆ. ಈಗ ನೋಡಿದರೆ ಅದೇ ಚಿತ್ರದ ನಡುಬೆನ್ನು. ಈ ಹುಡುಗನಿಗೆ ಮನೆ ಎಂದರೆ ತೀರಿಸಬೇಕಾದ ಸಾಲ. ಅವನು ಕೂಡಿಟ್ಟ ಹಣವನ್ನು ಗರ್ದಿನ ಚಟದ ಗೆಳೆಯ ಚಿಲ್ಲಂ ಕದ್ದಾಗ ಹೋಗುವುದು ಬರೀ ದುಡ್ಡಲ್ಲ, ಹಿಂದಿರುಗುವ ಅಧಿಕಾರವೇ ಹೋಗುತ್ತದೆ. ವಿಳಾಸ ಮರೆತದ್ದಕ್ಕೂ ಇದಕ್ಕೂ ಏನೋ ನಂಟಿದೆ ಅಂತ ನನಗೆ ಈಗ ಅನುಮಾನ.

ಪೊಲೀಸರು ಕೃಷ್ಣನನ್ನೂ ಪುಟ್ಟ ಮಂಜುವನ್ನೂ ಹಿಡಿದು ಬಾಲಗೃಹಕ್ಕೆ ಹಾಕುವ ಭಾಗ ನನಗೆ ಇನ್ನೂ ಗಟ್ಟಿಯಾಗಿ ಕಂಡಿತು. ಬೀದಿ ಮಕ್ಕಳ ಬಾಯಲ್ಲಿ ಆ ಜಾಗದ ಹೆಸರು 'ಚಿಲ್ಲರ್ ರೂಮ್'. ಚಿಲ್ಡ್ರನ್ ಎಂಬುದು ಸವೆದು ಚಿಲ್ಲರ್ ಆದದ್ದು. ಹಿಂದಿ, ಮರಾಠಿಯವರಿಗೂ ನಮಗೂ ಇದು ಬೇರೆ ಅರ್ಥ ಕೊಡುವ ಮಾತು. ಜೇಬಿನಲ್ಲಿ ಉಳಿದ ಬಿಡಿಗಾಸು. ಮಂಜುವಿನ ತಾಯಿ ರೇಖಾ ಮಗಳನ್ನು ಕರೆದೊಯ್ಯಲು ಬರುತ್ತಾಳೆ. ಅವಳು ವೇಶ್ಯೆ, ಹಾಗಾಗಿ ಮಗು ಕೊಡುವುದಿಲ್ಲ ಅನ್ನುತ್ತಾರೆ. ಮಗುವಿನ ಒಳ್ಳೆಯದಕ್ಕೇ ಅನ್ನುವ ಧಾಟಿ, ದನಿ ಏರಿಸುವುದಿಲ್ಲ. ನನ್ನ ಇನ್‌ಲ್ಯಾಂಡ್ ಕಾಗದದಲ್ಲೂ ಇದ್ದದ್ದು ಅದೇ ಧಾಟಿ.

ಚಿತ್ರದ ಮೇಲೆ ನನಗೆ ಆಕ್ಷೇಪಗಳಿಲ್ಲ ಅಂತಲ್ಲ. ನಾನಾ ಪಾಟೇಕರರ ಬಾಬಾ ಬಂದಾಗಲೆಲ್ಲ ಕತೆ ಹಿಂದಿ ಸಿನಿಮಾದ ಖಳನ ಕಡೆಗೆ ಜಾರುತ್ತದೆ. ಕೃಷ್ಣ ಕೊನೆಗೆ ಬಾಬಾನಿಗೆ ಚೂರಿ ಹಾಕುವುದು ನೋಡುವವರಾದ ನಮಗೆ ಸಮಾಧಾನ, ಹುಡುಗನಿಗೆ ಮತ್ತೊಂದು ಹೊರೆ. ಅದರ ತೂಕವನ್ನು ಚಿತ್ರ ಅಳೆಯುವುದಿಲ್ಲ. ಇದಕ್ಕಿಂತ ದೊಡ್ಡ ತಕರಾರೆಂದರೆ, ಎರಡು ಗಂಟೆಯ ಈ ಚಿತ್ರದಲ್ಲಿ ಮಕ್ಕಳಿಗೆ ಆಸರೆಯಾಗಿ ಉಳಿದು ನಿಲ್ಲುವ ಒಬ್ಬ ದೊಡ್ಡವರೂ ಇಲ್ಲ. ನಿಜಜೀವನದಲ್ಲಿ ಅಂಥವರು ಅಪರೂಪ, ಇಲ್ಲವೇ ಇಲ್ಲ ಅಂತಲ್ಲ. ವಿಚಿತ್ರ ಅಂದರೆ ಅಂಥವರು ಈ ಚಿತ್ರದ ಹೊರಗೇ ಇದ್ದರು. ಚಿತ್ರೀಕರಣಕ್ಕೆ ಮೊದಲು ರಂಗನಿರ್ದೇಶಕ ಬ್ಯಾರಿ ಜಾನ್, ಮಕ್ಕಳ ಮನಶ್ಶಾಸ್ತ್ರ ಬಲ್ಲ ದಿನಾಜ್ ಸ್ಟಾಫರ್ಡ್ ಇಬ್ಬರೂ ಈ ಮಕ್ಕಳ ಜೊತೆ ವಾರಗಟ್ಟಲೆ ಆಡಿ, ಹಾಡಿ, ನಟನೆ ಕಲಿಸಿದರು. ಅದರಿಂದಲೇ 1988ರಲ್ಲಿ ಸಲಾಮ್ ಬಾಲಕ್ ಟ್ರಸ್ಟ್ ಹುಟ್ಟಿ, ದೆಹಲಿ, ಮುಂಬಯಿಯ ಬೀದಿ ಮಕ್ಕಳ ನಡುವೆ ಬೇರುಬಿಟ್ಟಿತು. ಒಂದು ಸಿನಿಮಾ ತನ್ನೊಳಗೆ ತೋರಿಸಲಾಗದ್ದನ್ನು ಹೊರಗೆ ಮಾಡಿತು ಅನ್ನಬೇಕು. ಇಪ್ಪತ್ತು ವರ್ಷದ ಮೇಲೆ ಬಂದ 'ಸ್ಲಮ್‌ಡಾಗ್ ಮಿಲಿಯನೇರ್' ಇದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಮುಟ್ಟಿತು, ಆದರೆ ಅದರ ಹುಡುಗನ ಒಳಪೆಟ್ಟುಗಳೆಲ್ಲ ಕ್ವಿಜ್ಜಿನ ಸರಿಯುತ್ತರಗಳಾಗಿ ಲಾಭಕ್ಕೆ ಬರುತ್ತವೆ. ನನಗದು ಒಗ್ಗಲಿಲ್ಲ.

ಶಫೀಕ್ ಸಯ್ಯದನ ಮಾತು ಹೇಳುತ್ತೇನೆ ಅಂದೆನಲ್ಲ. ರಾಷ್ಟ್ರಪ್ರಶಸ್ತಿಯ ನಂತರ ಗೌತಮ್ ಘೋಷರ 'ಪತಂಗ್'ನಲ್ಲಿ ನಟಿಸಿದ್ದು ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ. ಬೆಂಗಳೂರಿಗೆ ಹಿಂದಿರುಗಿ ಆಟೋ ಓಡಿಸಿದರು. 'ಸ್ಲಮ್‌ಡಾಗ್' ಆಸ್ಕರ್ ಗೆದ್ದ 2009ರಲ್ಲಿ ಪತ್ರಿಕೆಯವರು ಹುಡುಕಿಕೊಂಡು ಹೋಗಿ, ಅಯ್ಯೋ ಎಲ್ಲಿದ್ದವನು ಎಲ್ಲಿಗೆ ಬಂದ ಎಂಬಂತೆ ಬರೆದರು. ಆಟೋ ಓಡಿಸಿ ಸಂಸಾರ ನಡೆಸುವುದನ್ನು ಸೋಲು ಅಂತ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಆದರೆ ಹೊಗಳಿಕೆಯ ದಿನಗಳು ಮುಗಿದ ಮೇಲೆ ಒಬ್ಬ ಹುಡುಗ ಹದಿನೆಂಟು, ಇಪ್ಪತ್ತರ ವಯಸ್ಸಿಗೆ ಬರುವಾಗ ಯಾರು ಜೊತೆಗಿರಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. 2015ರ ಬಾಲನ್ಯಾಯ ಕಾಯ್ದೆ ಬಾಲಗೃಹದಿಂದ ಹೊರಬಿದ್ದವರಿಗೆ ಇಪ್ಪತ್ತೊಂದರವರೆಗೆ ಆಸರೆ ಕೊಡಬಹುದು ಅನ್ನುತ್ತದೆ. ಆ ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬ ತರುಣ ಹದಿನೆಂಟು ತುಂಬಿದ ದಿನ ಚೀಲ ಹೊತ್ತು ಗೇಟಿನ ಹೊರಗೆ ನಿಂತವನು. ಅದರ ಬಗ್ಗೆ ನಗುತ್ತಲೇ ಹೇಳಿದ.

ಮನೆಗೆ ಕಳಿಸುವುದೇ ತಪ್ಪು ಅಂತ ನೀವು ತಿಳಿಯಬಾರದು. ಒಂದು ಬೈಗುಳಕ್ಕೆ, ಒಂದು ಪರೀಕ್ಷೆಗೆ ಹೆದರಿ ರೈಲು ಹತ್ತುವ ಮಕ್ಕಳೂ ಇದ್ದಾರೆ. ಅವರ ತಾಯಂದಿರು ಅನ್ನ ಬಿಟ್ಟು ಕೂತಿರುತ್ತಾರೆ. ಅಂಥವರನ್ನು ಬೇಗ ಮುಟ್ಟಿಸಬೇಕು. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು, ಮನೆಯ ಸ್ಥಿತಿಗತಿ ವಿಚಾರಿಸಬೇಕು, ಮಗುವಿನ ಮಾತಿಗೂ ಬೆಲೆ ಕೊಡಬೇಕು, ಸಂಸ್ಥೆಯಲ್ಲಿಡುವುದು ಕೊನೆಯ ದಾರಿಯಾಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ಬರೆದದ್ದು ಚೆನ್ನಾಗಿಯೇ ಇದೆ. ಆದರೆ ಇಂಥ ಮಗು ಯಾವುದು, ಸುರೇಶನಂಥದ್ದು ಯಾವುದು ಅಂತ ಮುಖ ನೋಡಿ ಹೇಳಲಾಗುವುದಿಲ್ಲ. ಅದಕ್ಕೆ ದಿನಗಳು ಬೇಕು, ಜನ ಬೇಕು. ಫೈಲು ಬೇಗ ಮುಚ್ಚುವ ಅವಸರ ಇರುವಲ್ಲಿ ವಿಳಾಸ ಸಿಕ್ಕಿದರೆ ಕೆಲಸ ಮುಗಿದ ಹಾಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2020ರಲ್ಲಿ ಶುರುವಾದ 'ಸಂವಾದ್' ಇಂಥ ಸಮಿತಿಯವರಿಗೆ, ಬಾಲಗೃಹದ ಸಿಬ್ಬಂದಿಗೆ ತರಬೇತಿ ಕೊಡಲು ಹೊರಟಿತು ಅಂತ ಕೇಳಿದಾಗ ನನಗೆ ಸಂತೋಷವಾಯಿತು. ನಿಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ, ಧಾಬಾದಲ್ಲಿ ಊರಿನ ಹೆಸರು ಬದಲಾಯಿಸಿ ಬದಲಾಯಿಸಿ ಹೇಳುವ ಹುಡುಗ ಈಗ ಬಿಹಾರದವನೋ ನೇಪಾಳದವನೋ ಇರಬಹುದು. 1098 ಎಂಬ ಸಂಖ್ಯೆ ಗೊತ್ತಿರಲಿ. 1996ರಲ್ಲಿ ಇದೇ ಮುಂಬಯಿಯಲ್ಲಿ, ಮಕ್ಕಳೇ ಫೋನ್ ಮಾಡಲಿ ಅಂತ ಶುರುವಾದದ್ದು. 2023ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು.

ಆ ಹಪ್ಪಳವನ್ನು ಏನು ಮಾಡಿದೆವು ಅಂತ ಹೆಂಡತಿ ಒಮ್ಮೆ ಕೇಳಿದಳು. ಕರಿದು ತಿಂದೆವು, ಮತ್ತೇನು. ಖೋಲಿಯ ನಾಲ್ಕೂ ಜನ.

ಚಿತ್ರದ ಕೊನೆಯಲ್ಲಿ ಗಣಪತಿಯ ಮೆರವಣಿಗೆ. ಆ ಜನಸಾಗರದಲ್ಲಿ ರೇಖಾಳ ಕೈ ತಪ್ಪಿಹೋಗುತ್ತದೆ. ಕೃಷ್ಣ ಒಂದು ಕಡೆ ಕುಸಿದು ಕೂರುತ್ತಾನೆ. ಬುಗುರಿ ತೆಗೆದು ದಾರ ಸುತ್ತುತ್ತಾನೆ. ಕಣ್ಣಲ್ಲಿ ನೀರು. ಕ್ಯಾಮೆರಾ ಆ ಮುಖದ ಹತ್ತಿರ ಹೋಗಿ ಸುಮ್ಮನೆ ನಿಲ್ಲುತ್ತದೆ, ಏನೂ ಕೇಳುವುದಿಲ್ಲ. ಇಡೀ ಚಿತ್ರದಲ್ಲಿ ಅವನ ಪಕ್ಕ ಇಷ್ಟು ಹೊತ್ತು ಸುಮ್ಮನೆ ಕೂತವರು ಬೇರೆ ಯಾರೂ ಇಲ್ಲ. ಮೊದಲ ಸಲ ನೋಡಿದಾಗ ನನಗೆ ಅದು ತಾಳಲಾಗದೆ ಎದ್ದುಹೋಗಿ ಕ್ಯಾಸೆಟ್ ತೆಗೆದಿದ್ದೆ. ಆ ಮೆಟ್ಟಿಲ ಹತ್ತಿರ ಅವತ್ತಿನ ನಾನು ಇದ್ದಿದ್ದರೆ ಪ್ಯಾಂಟು ಮೇಲೆಳೆದುಕೊಂಡು ಅವನ ಪಕ್ಕ ಕೂತು, ಬೆನ್ನಿಗೆ ಕೈಹಾಕಿ, ಎಲ್ಲಕ್ಕಿಂತ ಮೊದಲು ಅದನ್ನೇ ಕೇಳುತ್ತಿದ್ದೆ: ಊರ್ ಎಲ್ಲಿ ಮಾಣಿ?